ಏಳನೇ ನಂಬರಿನ ಹಾಜರಿ

ಮೂವತ್ತೊಂದು ವರ್ಷ ಆ ಶಾಲೆಯ ಗಂಟೆ ಹೊಡೆದವನು ಅವನೊಬ್ಬನೇ. ಹಾಗಾಗಿ ಮೇಷ್ಟರುಗಳಿಂದ ಹಿಡಿದು ಒಂದನೇ ಕ್ಲಾಸಿನ ಮಕ್ಕಳವರೆಗೆ ಎಲ್ಲರಿಗೂ ಅವನು ಗಂಟೆಯಣ್ಣ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಆದರೆ ಅದು ಸರ್ವಿಸ್ ಪುಸ್ತಕದ ಮೊದಲ ಪುಟ ಬಿಟ್ಟು ಆಚೆ ಬಂದಿದ್ದೇ ಕಡಿಮೆ. ಮೈ ಸುಡುವ ಜ್ವರದಲ್ಲೂ ಬಂದು ಗಂಟೆ ಹೊಡೆದು ಹೋಗಿ ಮಲಗಿದ ಆಸಾಮಿ. ಅವನ ಗಂಟೆ ಕೇಳಿ ಬೀದಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಎರಡು ವರ್ಷದ ಹಿಂದೆ ಶಾಲೆಗೆ ತನ್ನಷ್ಟಕ್ಕೆ ತಾನೇ ಬಾರಿಸುವ ಕರೆಂಟಿನ ಗಂಟೆ ಬಂತು. ಅದು ಭಾನುವಾರವೂ ಬಾರಿಸುತ್ತದೆ, ರಜೆಯಲ್ಲೂ ಬಾರಿಸುತ್ತದೆ, ಕರೆಂಟು ಹೋದರೆ ಪರೀಕ್ಷೆಯ ದಿನವೂ ಸುಮ್ಮನಿರುತ್ತದೆ. ಅದನ್ನು ಪ್ರಗತಿ ಎಂದು ಒಪ್ಪಿಕೊಂಡಾಗಿತ್ತು. ಗಂಟೆಯಣ್ಣನ ಕೈ ಖಾಲಿಯಾಯಿತು. ಶಾಲೆಯಲ್ಲಿ ಕೈ ಖಾಲಿ ಇರುವವನನ್ನು ಕಂಡರೆ ಹೆಡ್ಮಾಸ್ಟರಿಗೆ ಊಟ ಸೇರುವುದಿಲ್ಲ. ಅಷ್ಟರಲ್ಲಿ ಮಕ್ಕಳಿಗೆ ಕಲಿಸಲು ಇಪ್ಪತ್ತು ರೋಬೋಟುಗಳು ಬಂದವು. ಅವುಗಳ ಕೋಣೆಗೆ ಯಾರಾದರೂ ಬೇಕಿತ್ತು, ಗಂಟೆಯಣ್ಣನನ್ನು ಅಲ್ಲಿಗೆ ತಳ್ಳಿದರು.

ರೋಬೋಟು ಎಂದಕೂಡಲೇ ಆಳೆತ್ತರದ್ದೇನೂ ಅಲ್ಲ. ಅಂಗೈ ಮೇಲೆ ಕೂರುವ ಹಳದಿ ಡಬ್ಬಿ, ಕೆಳಗೆ ಎರಡು ಚಕ್ರ, ಮುಂದೆ ಕಣ್ಣಿನ ಜಾಗದಲ್ಲಿ ಎರಡು ದೀಪ. ಮಕ್ಕಳು ಟ್ಯಾಬಿನ ಮೇಲೆ ಬೆರಳಾಡಿಸಿ ಹೇಳಿದಂತೆ ಅದು ಮುಂದೆ ಹೋಗಬೇಕು, ತಿರುಗಬೇಕು, ನಿಲ್ಲಬೇಕು. ರೋಬೋಟಿಗೂ ಟ್ಯಾಬಿಗೂ ನಡುವೆ ತಂತಿಯಿಲ್ಲ, ಎಲ್ಲ ಬ್ಲೂಟೂತಿನ ನಂಟು. ಆನ್ ಮಾಡಿದರೆ ದೀಪ ನೀಲಿಯಾಗಿ ಮಿಟುಕಿಸುತ್ತ ಟ್ಯಾಬನ್ನು ಹುಡುಕುತ್ತದೆ. ನಂಟು ಕೂಡಿದಾಗ ದೀಪ ಹಸಿರಾಗಿ ನಿಲ್ಲುತ್ತದೆ, ರೋಬೋಟು ಒಮ್ಮೆ, ಟ್ಯಾಬು ಒಮ್ಮೆ 'ಟಿಂಗ್' ಎನ್ನುತ್ತವೆ. ಒಂದು ಟ್ಯಾಬಿಗೆ ಸಿಕ್ಕಿಬಿದ್ದ ರೋಬೋಟು ಮಿಕ್ಕ ಯಾವ ಟ್ಯಾಬಿಗೂ ಕಾಣಿಸುವುದಿಲ್ಲ.

ಇಷ್ಟು ಸರಳವಾದದ್ದನ್ನು ಕೆಡಿಸಲು ಇಪ್ಪತ್ತು ಮಕ್ಕಳು ಒಟ್ಟಿಗೆ ಬೆರಳಿಟ್ಟರೆ ಸಾಕಾಯಿತು. ಇಪ್ಪತ್ತೂ ರೋಬೋಟುಗಳಿಗೆ ಕಂಪನಿಯವರು ಒಂದೇ ಹೆಸರಿಟ್ಟಿದ್ದರು. ಈ ಮೇಜಿನ ಮಗು 'ಮುಂದೆ' ಎಂದು ಒತ್ತಿದರೆ ಕೋಣೆಯ ಆಚೆ ಮೂಲೆಯ ರೋಬೋಟು ಮೇಜಿನಿಂದ ಧುಮುಕುತ್ತಿತ್ತು. ಯಾರ ರೋಬೋಟು ಯಾರ ಕೈಯಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಶಾಲೆಯ ಆಡಳಿತಕ್ಕೂ ಇದಕ್ಕೂ ಅಷ್ಟೇನೂ ವ್ಯತ್ಯಾಸವಿರಲಿಲ್ಲವಾದ್ದರಿಂದ ಮೊದಲ ಒಂದು ತಿಂಗಳು ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಆಮೇಲೆ ಕಂಪನಿಯಿಂದ ಟೈ ಕಟ್ಟಿದವರೊಬ್ಬರು ಬಂದರು. ಎಲ್ಲ ಆಫ್ ಮಾಡಿ ಆನ್ ಮಾಡಿ ಎಂದು ಹೇಳಿ ಹೋದರು. ಸರಿಹೋಗಲಿಲ್ಲವೆಂದು ಮತ್ತೆ ಕರೆಸಿದಾಗ, ಆನ್ ಮಾಡುವ ಮೊದಲು ಆಫ್ ಮಾಡಿದ್ದಿರಾ ಎಂದು ಅನುಮಾನದಿಂದ ನೋಡಿ ಕೈತೊಳೆದುಕೊಂಡರು. ಹೆಡ್ಮಾಸ್ಟರು ಐದು ಜನರ ಸಮಿತಿ ಮಾಡಿದರು. ಸಮಿತಿ ಮೂರು ಸಲ ಸೇರಿತು, ಮೂರು ಸಲವೂ ಟೀ ಕುಡಿಯಿತು, ಕೋಣೆಯ ಗೋಡೆಯ ಬಣ್ಣ ಬದಲಿಸಿದರೆ ಒಳ್ಳೆಯದು ಎಂದು ವರದಿ ಕೊಟ್ಟಿತು. ಬಣ್ಣವೂ ಬದಲಾಯಿತು. ರೋಬೋಟುಗಳು ಹೊಸ ಬಣ್ಣದ ಗೋಡೆಗೆ ಹೋಗಿ ಡಿಕ್ಕಿ ಹೊಡೆದವು.

ಗಂಟೆಯಣ್ಣನಿಗೆ ಬ್ಲೂಟೂತಿನ ವಿಷಯ ಏನೂ ಗೊತ್ತಿರಲಿಲ್ಲ. ಆದರೆ ಗದ್ದಲದ ವಿಷಯ ಚೆನ್ನಾಗಿ ಗೊತ್ತಿತ್ತು. ಮೂವತ್ತೊಂದು ವರ್ಷ ಕ್ಲಾಸುಗಳ ಬಾಗಿಲಲ್ಲಿ ನಿಂತು ಅವನು ಕಂಡುಕೊಂಡಿದ್ದಿಷ್ಟು: ಇಪ್ಪತ್ತು ಮಕ್ಕಳು ಒಟ್ಟಿಗೆ ಕೂಗಿದರೆ ಯಾರು ಬಂದಿದ್ದಾರೋ ಯಾರು ಬಂದಿಲ್ಲವೋ ತಿಳಿಯುವುದಿಲ್ಲ, ಅದಕ್ಕೇ ಮೇಷ್ಟರು ಹಾಜರಿ ಕೂಗುವುದು. ಅವನು ಬೆಂಚುಗಳ ಮೇಲೆ ನಂಬರು ಬರೆಯಲಿಟ್ಟಿದ್ದ ಬಿಳಿ ಬಣ್ಣ ತಂದು ರೋಬೋಟುಗಳ ಬೆನ್ನಿಗೆ ಒಂದರಿಂದ ಇಪ್ಪತ್ತರವರೆಗೆ ಬರೆದ. ಟ್ಯಾಬುಗಳ ಬೆನ್ನಿಗೂ ಬರೆದ. ವಿಜ್ಞಾನದ ಟೀಚರನ್ನು ಕೇಳಿಕೊಂಡು ಪ್ರತಿ ಟ್ಯಾಬಿನ ಒಳಗೆ ಉಳಿದಿದ್ದ ಹಳೆಯ ನಂಟುಗಳನ್ನೆಲ್ಲ ಅಳಿಸಿದ. ಆಮೇಲೆ ಎಲ್ಲ ರೋಬೋಟುಗಳನ್ನೂ ಆಫ್ ಮಾಡಿಸಿ, ನಂಬರು ಕೂಗುವ ತನಕ ಯಾರೂ ಬೆರಳು ಎತ್ತಕೂಡದು ಎಂದು ಮಕ್ಕಳಿಗೆ ತಾಕೀತು ಮಾಡಿ ಕೂಗಿದ.

"ಒಂದು."

ಒಂದನೇ ರೋಬೋಟು ಆನ್ ಆಯಿತು. ಆಗ ಕೋಣೆಯಲ್ಲಿ ಮಿಟುಕಿಸುತ್ತಿದ್ದುದು ಅದೊಂದೇ. ಒಂದನೇ ಟ್ಯಾಬಿಗೆ ಕಂಡಿದ್ದೂ ಅದೊಂದೇ. ಟಿಂಗ್, ಟಿಂಗ್. ಅದು ಸೇರಿಕೊಂಡ ಮೇಲೆ ಎರಡು, ಆಮೇಲೆ ಮೂರು. ಎಂಟು ನಿಮಿಷದಲ್ಲಿ ತರಗತಿ ಸರಿಹೋಯಿತು. ಸಮಿತಿಗೆ ಮೂರು ತಿಂಗಳಲ್ಲಿ ಆಗದ್ದು ಒಬ್ಬ ಅಟೆಂಡರಿಂದ ಆಯಿತು ಎನ್ನುವುದು ಸಮಿತಿಗೆ ಅಷ್ಟು ರುಚಿಸಲಿಲ್ಲ.

ಆದರೆ ಹತ್ತೊಂಬತ್ತು ಮಾತ್ರ ಬಂದವು. ಏಳನೇ ನಂಬರು ಬರಲಿಲ್ಲ. ಆನ್ ಮಾಡಿದರೆ ಅರೆಗಳಿಗೆ ಮಿಟುಕಿಸಿ, ಟ್ಯಾಬಿಗೆ ಬೆರಳಿಡುವ ಮೊದಲೇ ಟಿಂಗ್ ಎಂದು ತಾನೇ ಹಸಿರಾಗಿಬಿಡುತ್ತಿತ್ತು. ಟ್ಯಾಬಿನಲ್ಲಿ ನೋಡಿದರೆ ಅದರ ಸುಳಿವೇ ಇಲ್ಲ. ಎದುರಿಗೇ ಕೂತಿದೆ, ಯಾರ ಮಾತಿಗೂ ಓಗೊಡುವುದಿಲ್ಲ.

ಹೆಡ್ಮಾಸ್ಟರಿಗೆ ಸುದ್ದಿ ಮುಟ್ಟಿತು. ಕೆಲಸ ಮಾಡುವ ಹತ್ತೊಂಬತ್ತರ ಸುದ್ದಿಯಲ್ಲ, ಮಾಡದ ಒಂದರ ಸುದ್ದಿ. ಮರುದಿನವೇ ಗಂಟೆಯಣ್ಣನ ಕೈಗೆ ಒಂದು ಮೆಮೋ ಬಂತು. ಅನುಮತಿಯಿಲ್ಲದೆ ಬಣ್ಣ ಬಳಿದು ಏಳನೇ ರೋಬೋಟನ್ನು ನೀವು ಕೆಡಿಸಿರುವುದು ಕಂಡುಬಂದಿದೆ, ತಿಂಗಳ ಕೊನೆಯ ತಪಾಸಣೆಯೊಳಗೆ ಸಮಜಾಯಿಷಿ ಕೊಡತಕ್ಕದ್ದು, ತಪ್ಪಿದಲ್ಲಿ ಸರ್ವಿಸ್ ಪುಸ್ತಕದಲ್ಲಿ ಬರೆಯಲಾಗುವುದು. ಗಂಟೆಯಣ್ಣ ನಿವೃತ್ತನಾಗಲು ಇನ್ನು ಎಂಟು ತಿಂಗಳಿತ್ತು. ಮೂವತ್ತಮೂರು ವರ್ಷದ ಆ ಪುಸ್ತಕದಲ್ಲಿ ಒಂದು ಕೆಟ್ಟ ಅಕ್ಷರವಿರಲಿಲ್ಲ. ಅವನಿಗೆ ಅಳು ಬಂತು. ಬಣ್ಣದ ಡಬ್ಬಿ ತೊಳೆಯುವ ನೆಪದಲ್ಲಿ ನಲ್ಲಿಯ ಹತ್ತಿರ ಹೋಗಿ ಅತ್ತ.

ಮನೆಯಲ್ಲಿ ಹೆಂಡತಿ ದಿನಾ ಸಮಜಾಯಿಷಿ ಬರೆದಾಯಿತೇ ಎಂದು ಕೇಳುತ್ತಿದ್ದಳು. ಇವನು ಕಾಗದ ಮುಂದಿಟ್ಟುಕೊಂಡು 'ಮಾನ್ಯರೇ' ಎಂದು ಬರೆದು ಕೂರುತ್ತಿದ್ದ. ಮಾಡದ ತಪ್ಪಿಗೆ ಮುಂದಿನ ಸಾಲು ಹೊಳೆಯುತ್ತಿರಲಿಲ್ಲ.

ಒಂದು ಸಂಜೆ ಹಾಗೆಯೇ ಕೂತಿದ್ದಾಗ ಹೆಂಡತಿ ಹಾಡು ಕೇಳೋಣವೆಂದು ಕಪಾಟಿನ ಮೇಲಿನ ಸಣ್ಣ ಸ್ಪೀಕರು ಆನ್ ಮಾಡಿದಳು. ಮಗಳು ಕೊಡಿಸಿದ್ದು, ಅದೂ ಬ್ಲೂಟೂತಿನದೇ. ಹಾಡಿನ ಬದಲು ದಪ್ಪ ದನಿಯೊಂದು 'ಹೊಟ್ಟೆ ಒಳಗೆ ಎಳೆದುಕೊಳ್ಳಿ, ಇನ್ನೂ ಎಳೆದುಕೊಳ್ಳಿ' ಎಂದಿತು. ಗಂಟೆಯಣ್ಣ ಬೆಚ್ಚಿ ಎಳೆದುಕೊಂಡ.

"ಅಯ್ಯೋ, ಬಂದ್ರು ಅಂತ ಕಾಣುತ್ತೆ," ಎಂದಳು ಅವಳು ಮಾಳಿಗೆ ನೋಡುತ್ತ.

"ಯಾರೇ ಬಂದಿದ್ದು?"

"ಮೇಲಿನ ಮನೆ ದರ್ಜಿ. ಫೋನು ಹಾಕ್ಕೊಂಡು ವ್ಯಾಯಾಮ ಮಾಡ್ತಾರೆ. ಮೊದಲ ದಿನ ನಮಗೆ ಗೊತ್ತಾಗದೆ ಅವರ ಫೋನಿಗೇ ತಾನೆ ಜೋಡಿಸಿ ನೋಡಿದ್ದು? ಅವತ್ತಿಂದ ಅವರು ಮನೇಲಿದ್ರೆ ಇದು ಅವರದ್ದೇ ರೀ. ಆನ್ ಮಾಡೋದು ನಾವು, ಓಡಿಹೋಗೋದು ಅವರ ಹತ್ರ."

ಗಂಟೆಯಣ್ಣ ಎದುರಿನ ಕಾಗದವನ್ನು ನೋಡಿದ, ಸ್ಪೀಕರನ್ನು ನೋಡಿದ, ಎದ್ದು ನಿಂತ. ರೋಬೋಟು ಕೋಣೆಯ ಉದ್ಘಾಟನೆಯ ದಿನ ವೇದಿಕೆಯ ಮೇಲೆ ರೋಬೋಟನ್ನು ಮೊದಲು ಓಡಿಸಿದವರು ಯಾರು? ಹೆಡ್ಮಾಸ್ಟರು. ಯಾವ ಟ್ಯಾಬಿನಿಂದ? ಸ್ವಂತದ್ದರಿಂದ. ಆ ಫೋಟೋ ಅವರ ಆಫೀಸಿನಲ್ಲಿ ತೂಗುತ್ತಿದೆ, ರೋಬೋಟಿನ ಪಕ್ಕದಲ್ಲಿ ಹಲ್ಲು ಕಿರಿದುಕೊಂಡು ನಿಂತಿದ್ದಾರೆ. ಆಫೀಸಿಗೂ ರೋಬೋಟು ಕೋಣೆಗೂ ನಡುವೆ ಇರುವುದು ಒಂದೇ ಗೋಡೆ, ಅದೇ, ಬಣ್ಣ ಬದಲಿಸಿದ ಗೋಡೆ.

ಮರುದಿನ ಬೆಳಗ್ಗೆ ವಿಜ್ಞಾನದ ಟೀಚರಿಗೆ ಏಳನೇ ನಂಬರನ್ನು ಆನ್ ಮಾಡಲು ಹೇಳಿ, ತಾನು ಆಫೀಸಿನ ಕಿಟಕಿಯ ಹತ್ತಿರ ನಿಂತ. ಒಳಗೆ ಹೆಡ್ಮಾಸ್ಟರ ಟ್ಯಾಬು ಜೋರಾಗಿ ಟಿಂಗ್ ಎಂದಿತು. ಅವರಿಗೆ ಕಿವಿ ಸ್ವಲ್ಪ ಮಂದ, ಸದ್ದನ್ನು ಪೂರ್ತಿ ಇಟ್ಟಿರುತ್ತಿದ್ದರು. ಮೇಲಿನವರಿಂದ ಏನೋ ಸಂದೇಶ ಬಂತೆಂದು ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಕಾಲರು ಸರಿಮಾಡಿಕೊಂಡರು. ಇಷ್ಟು ತಿಂಗಳಿಂದ ಏಳನೇ ರೋಬೋಟಿಗೆ ಅವರು ಹೀಗೇ ಗೌರವ ಕೊಡುತ್ತಿದ್ದರೆಂದು ಕಾಣುತ್ತದೆ.

ಗಂಟೆಯಣ್ಣ ಒಳಗೆ ಹೋಗಿ, ಸಾರ್ ನಿಮ್ಮ ಟ್ಯಾಬು ಒಂದ್ನಿಮಿಷ, ಎಂದ. ಇದರೊಳಗೆ ಇಡೀ ಶಾಲೆ ಇದೆ, ಇದಕ್ಕೂ ಬಣ್ಣ ಬಳಿಯಬೇಕಾ, ಎಂದು ಕೇಳಿ ಅವರು ಟ್ಯಾಬನ್ನು ಕಂಕುಳಿಗೆ ಸೇರಿಸಿಕೊಂಡರು. ಅವರ ಟ್ಯಾಬು ಇರುತ್ತಿದ್ದುದೇ ಅಲ್ಲಿ. ಊಟದ ಹೊತ್ತಿನಲ್ಲೂ ಕೆಳಗಿಟ್ಟಿದ್ದನ್ನು ಕಂಡವರಿಲ್ಲ.

ಹೊರಗೆ ಬಂದು ವಿಜ್ಞಾನದ ಟೀಚರಿಗೆ ಎಲ್ಲ ಹೇಳಿದ. ಆಕೆ ಸಮಿತಿಯಲ್ಲಿದ್ದವರೇ. ಆಶ್ಚರ್ಯಪಡುತ್ತಾರೆ ಎಂದುಕೊಂಡಿದ್ದ, ಅವರು ನೆಲ ನೋಡಿದರು.

"ಗೊತ್ತು ಗಂಟೆಯಣ್ಣ. ಐದೂ ಜನಕ್ಕೆ ಗೊತ್ತು. ಆದರೆ ಅವರಿಗೆ ಹೇಳೋರು ಯಾರು?"

ಗಂಟೆಯಣ್ಣನಿಗೆ ಆವತ್ತು ಬಂದಷ್ಟು ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. ಹೇಳುವುದಕ್ಕಿಂತ ಗೋಡೆಗೆ ಬಣ್ಣ ಬಳಿಸುವುದು ಸುಲಭವಾಗಿತ್ತು ಇವರಿಗೆ, ಮಸಿ ಬಳಿಸಿಕೊಳ್ಳಲು ತನ್ನ ಪುಸ್ತಕವಿತ್ತು.

ತಪಾಸಣೆಯ ದಿನ ಬಂತು. ಬೆಳಗ್ಗೆಯೇ ಹೆಡ್ಮಾಸ್ಟರು ಅವನನ್ನು ಮೂಲೆಗೆ ಕರೆದು, ಕೆಟ್ಟಿರುವ ಏಳನ್ನು ಬೀರುವಿನಲ್ಲಿಡು, ಹತ್ತೊಂಬತ್ತನ್ನು ಮಾತ್ರ ತೋರಿಸು, ತಪಾಸಣೆಗೆ ಬರುವ ಮೇಡಂ ಏಳರ ವಿಷಯ ಕೇಳಿದರೆ ನಿನ್ನ ಮೆಮೋ ನನ್ನ ಹತ್ತಿರ ಇದೆ, ಎಂದರು. ಅವರ ಲೆಕ್ಕ ಅಷ್ಟು ಚೊಕ್ಕವಾಗಿತ್ತು. ಗಂಟೆಯಣ್ಣ ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಹೆಡ್ಮಾಸ್ಟರುಗಳಿಗೆ ಅದು ಆಗಲಿ ಎಂದೇ ಕೇಳಿಸುತ್ತದೆ.

ತಪಾಸಣೆಗೆ ಬಂದ ದೊಡ್ಡ ಮೇಡಂ ಮಾತು ಕಡಿಮೆಯ ಹೆಂಗಸು. ಕುರ್ಚಿ ಕೊಟ್ಟರೆ ಕೂರಲಿಲ್ಲ, ಹಾರ ಹಿಡಿದು ನಿಂತವರ ಕಡೆ ತಿರುಗಲಿಲ್ಲ. ನೇರ ರೋಬೋಟು ಕೋಣೆಗೆ ಬಂದು ಗೋಡೆಗೊರಗಿ ನಿಂತರು. ಹೆಡ್ಮಾಸ್ಟರು ಅವರ ಪಕ್ಕದಲ್ಲಿ, ಕಂಕುಳಲ್ಲಿ ಟ್ಯಾಬು. ಸಮಿತಿಯ ಐವರು ಹಿಂದೆ ಸಾಲಾಗಿ. ಗಂಟೆಯಣ್ಣ ಹಾಜರಿ ಶುರುಮಾಡಿದ. ಒಂದು, ಟಿಂಗ್ ಟಿಂಗ್. ಎರಡು, ಟಿಂಗ್ ಟಿಂಗ್. ಮೇಡಂ ಮುಖದಲ್ಲಿ ಸಣ್ಣ ನಗು ಬಂತು. ಆರು ಮುಗಿಯಿತು.

ಗಂಟೆಯಣ್ಣ ತಡೆದ. ಹೆಡ್ಮಾಸ್ಟರು ಕಣ್ಣಲ್ಲೇ ಎಂಟು ಎಂದರು. ಎಂಟು ಎಂದರೆ ಈ ಹೊತ್ತು ಕಳೆಯುತ್ತದೆ, ಪುಸ್ತಕದಲ್ಲಿ ಮಸಿ ಉಳಿಯುತ್ತದೆ. ಏಳು ಎಂದರೆ ಏನಾಗುತ್ತದೆಯೋ ಅವನಿಗೆ ಗೊತ್ತಿರಲಿಲ್ಲ. ಆದರೆ ಬಂದು ಕೂತವರ ಹೆಸರನ್ನು ಹಾಜರಿಯಲ್ಲಿ ಹಾರಿಸಿದ ಮೇಷ್ಟರನ್ನು ಅವನು ಈವರೆಗೆ ನೋಡಿರಲಿಲ್ಲ. ಬೀರುವಿನಿಂದ ಏಳನ್ನು ತೆಗೆದು ಮೇಜಿನ ಮೇಲಿಟ್ಟು, ಗಂಟೆ ಹೊಡೆಯುತ್ತಿದ್ದ ಕಾಲದ ಗಂಟಲಲ್ಲಿ ಕೂಗಿದ.

"ಏಳು."

ರೋಬೋಟು ಮಿಟುಕಿಸಿತು, ಟಿಂಗ್ ಎಂದಿತು. ಏಳನೇ ಟ್ಯಾಬು ಮೌನ. ಹೆಡ್ಮಾಸ್ಟರ ಕಂಕುಳು ಜೋರಾಗಿ ಟಿಂಗ್ ಎಂದಿತು.

ಕೋಣೆಯ ಅಷ್ಟೂ ತಲೆಗಳು ಆ ಕಡೆ ತಿರುಗಿದವು. ಅವರು ಗಾಬರಿಯಲ್ಲಿ ಟ್ಯಾಬನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡರು. ಒತ್ತಿದ್ದು ಎಲ್ಲಿಗೆ ತಾಗಿತೋ, ಏಳನೇ ನಂಬರು ಮೇಜಿನ ಮೇಲೆ ಗಿರಗಿರನೆ ಸುತ್ತತೊಡಗಿತು. ಅವರು ತಿರುಗಿದರೆ ಅದು ತಿರುಗುತ್ತದೆ, ಅವರು ಉಸಿರು ಬಿಟ್ಟರೆ ಅದು ನಿಲ್ಲುತ್ತದೆ. ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಸಮಿತಿ ಹೊಸ ಬಣ್ಣದ ಗೋಡೆಯನ್ನು ಆಸಕ್ತಿಯಿಂದ ನೋಡಿತು.

ಇದು ಕೇಂದ್ರೀಯ ನಿಗಾ ವ್ಯವಸ್ಥೆ ಮೇಡಂ, ಒಂದನ್ನು ನಾನೇ ಇಟ್ಟುಕೊಂಡಿದ್ದೇನೆ, ಎಂದು ಹೆಡ್ಮಾಸ್ಟರು ತಿಪ್ಪೆ ಸಾರಿಸಿದರು. ಮೇಡಂ ಗಂಟೆಯಣ್ಣನ ಕಡೆ ನೋಡಿದರು. ಅವನು ಜೇಬಿನಿಂದ ಮೆಮೋ ತೆಗೆದು ಕೊಟ್ಟ. ಅವರು ಓದಿದರು, ಇನ್ನೊಮ್ಮೆ ಓದಿದರು, ಸಮಜಾಯಿಷಿ ಎಲ್ಲಿ ಎಂದರು. ಇನ್ನೂ ಬರೆದಿಲ್ಲ ಎಂದ. ಅವರು ತಮ್ಮ ಪೆನ್ನು ಕೊಟ್ಟರು. ಮೂರು ವಾರದಿಂದ ಹೊಳೆಯದ ಸಾಲು ಅಲ್ಲೇ, ಮೆಮೋದ ಬೆನ್ನಿಗೆ ಬಂತು. 'ಮಾನ್ಯರೇ, ಏಳನೇ ನಂಬರು ಕೆಟ್ಟಿಲ್ಲ. ದಿನವೂ ಹಾಜರಿದೆ. ಎಲ್ಲಿ ಎಂಬುದನ್ನು ಈಗ ಎಲ್ಲರೂ ಕೇಳಿದ್ದಾರೆ.' ಮೇಡಂ ಅದರ ಕೆಳಗೆ 'ಒಪ್ಪಿದೆ, ಪುಸ್ತಕದಲ್ಲಿ ಏನನ್ನೂ ಬರೆಯಕೂಡದು' ಎಂದು ಸಹಿ ಹಾಕಿದರು. ಹೋಗುವ ಮೊದಲು ತಾವೇ ಕೈಚಾಚಿ ಹೆಡ್ಮಾಸ್ಟರ ಟ್ಯಾಬು ಈಸಿಕೊಂಡು ಗಂಟೆಯಣ್ಣನಿಗೆ ಕೊಟ್ಟರು. ಅವನು ಹಳೆಯ ನಂಟನ್ನು ಅಳಿಸಿ, ಎರಡೂ ಕೈಯಲ್ಲಿ ಹಿಡಿದು ಮರ್ಯಾದೆಯಿಂದ ವಾಪಸು ಕೊಟ್ಟ.

ಸಂಜೆ ಹೆಂಡತಿ ಆ ಮೆಮೋದ ಬೆನ್ನನ್ನು ಮೂರು ಸಲ ಓದಿಸಿಕೊಂಡು ಕೇಳಿದಳು. ಮೇಲಿನ ಮನೆಯ ದರ್ಜಿಗೆ ಒಂದು ಲೋಟ ಕಾಫಿ ಕಳಿಸಿದಳು. ಯಾಕೆಂದು ಅವರಿಗೆ ಇವತ್ತಿಗೂ ತಿಳಿಯದು.

ಒಂದು ತಿಂಗಳಾದ ಮೇಲೆ ಹೆಡ್ಮಾಸ್ಟರು ಗಂಟೆಯಣ್ಣನನ್ನು ಕರೆಸಿದರು. ಗೋಡೆಯ ಫೋಟೋ ಅಲ್ಲೇ ಇತ್ತು. ಅತಿಥಿಗಳು ಬಂದಾಗ ತೋರಿಸಲು ಏಳನೇ ನಂಬರನ್ನು ಮತ್ತೆ ತಮ್ಮ ಟ್ಯಾಬಿಗೇ ಜೋಡಿಸಬೇಕು ಎಂದರು, ದನಿ ತಗ್ಗಿಸಿ. ಗಂಟೆಯಣ್ಣ ಕೈಕಟ್ಟಿಕೊಂಡು ವಿನಯದಿಂದ ನಿಂತಿದ್ದ.

"ಆಗಲಿ ಸಾರ್. ಒಂದು ಮೆಮೋ ಕೊಟ್ಬಿಡಿ."

ಆ ಮೆಮೋ ಇನ್ನೂ ಬಂದಿಲ್ಲ. ಏಳನೇ ನಂಬರು ಮಾತ್ರ ದಿನಾ ಕ್ಲಾಸಿಗೆ ಬರುತ್ತಿದೆ.