ಅವ್ವನ ಕತ್ತರಿಗೆ ಸಿಕ್ಕ ಕಥೆ

ಸಾಯುವ ಮುಂಚೆ ಅಕ್ಕ ಕೇಳಿದ್ದು ಒಂದೇ, ಒಂದು ಹಳೆಯ ಕಥೆಯ ಕೊನೆ. ಹಣ್ಣು ಬೇಡ, ಹಾಲು ಬೇಡ, ನೋಡಲು ಬರುವ ನೆಂಟರಂತೂ ಬೇಡವೇ ಬೇಡ. ಹೂಟಗಳ್ಳಿಯ ತನ್ನ ಮನೆಯ ಹಾಲ್‌ನಲ್ಲಿ ಮಂಚ ಹಾಕಿಸಿಕೊಂಡು ಮಲಗಿದ್ದಳು. ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರು ಡಾಕ್ಟರು. ಆ ಮಾತಿನ ಅರ್ಥ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಆ ಕೆರೆಯೊಳಗಿನ ಊರಿನ ಕಥೆ ಹುಡುಕ್ಕೊಡೇ," ಅಂದಳು. "ಆ ಹುಡುಗ ವಾಪಸ್ ಬತ್ತಾನೋ ಇಲ್ವೋ ನೋಡ್ಬೇಕು."

"ಬತ್ತಾನೆ ಕಣಕ್ಕ. ನೀನೇ ಓದಿ ಹೇಳಿದ್ದಲ್ಲ."

"ಅಚ್ಚಾಗಿರೋದು ತಂದು ತೋರ್ಸು. ನಿನ್ನ ಬಾಯ್ಮಾತು ಯಾರಿಗೆ ಬೇಕು?"

ಕಥೆ ಬರೆದವರು ನಮ್ಮ ಮೈಸೂರಿನವರೇ. ಮಾಯಾಲೋಕದ ಕಾದಂಬರಿಗಳನ್ನು ಬರೆದು ಅಜ್ಜಿ, ಮಗಳು, ಮೊಮ್ಮಗಳು ಮೂವರಿಗೂ ಊಟ ಮರೆಸಿದವರು. ಅವರ ಪುಸ್ತಕಗಳೆಲ್ಲ ಅಕ್ಕನ ಬೀರುವಿನಲ್ಲಿವೆ, ಈ ಕಥೆ ಮಾತ್ರ ಯಾವುದರಲ್ಲೂ ಇಲ್ಲ. ಹೆಸರು ಮಾಡುವ ಮೊದಲು ಯಾವುದೋ ವಾರಪತ್ರಿಕೆಗೆ ಬರೆದದ್ದು, ಆ ಪತ್ರಿಕೆಯೂ ಮುಚ್ಚಿಹೋಗಿದೆ. ನನಗಿನ್ನೂ ಓದಲು ಬಾರದ ಕಾಲದಲ್ಲಿ, ಕೆಸರೆಯ ನಮ್ಮ ಹಳೇ ಮನೆಯಲ್ಲಿ, ಅಕ್ಕ ಅದನ್ನು ಗಟ್ಟಿಯಾಗಿ ಓದಿದ್ದಳು. ನಮ್ಮಿಬ್ಬರ ನಡುವೆ ಹುಟ್ಟಿದ ಅಣ್ಣ ಜ್ವರ ಬಂದು ತೀರಿಕೊಂಡ ವರ್ಷ ಅದು.

ಲೈಬ್ರರಿಗೆ ಹೋದೆ. "ಹಳೇ ವಾರಪತ್ರಿಕೆನಾ ಮೇಡಂ? ಯಾವತ್ತೋ ರದ್ದಿಗೆ ಹಾಕ್ಬುಟ್ರು," ಅಂದ ಅಲ್ಲಿದ್ದವನು, ಮೊಬೈಲಿನಿಂದ ತಲೆ ಕೂಡ ಎತ್ತದೆ. ಮೈಯೆಲ್ಲ ಉರಿದುಹೋಯಿತು. ಫುಟ್‌ಪಾತಿನ ಹಳೇ ಪುಸ್ತಕದವರ ಹತ್ತಿರವೂ ಹೋದ ಪುಟ್ಟ ಬಂದ ಪುಟ್ಟ. ಇದ್ದದ್ದೆಲ್ಲ ಗೈಡುಗಳು.

ಕೊನೆಗೆ ಅದು ಸಿಕ್ಕಿದ್ದು ನಮ್ಮ ಮನೆಯ ಟ್ರಂಕಿನಲ್ಲೇ. ಆಗಿನ ಕಾಲಕ್ಕೆ ನಮ್ಮ ಬೀದಿಯ ಹೆಂಗಸರಿಗೆಲ್ಲ ಒಂದು ಹುಚ್ಚು. ಪ್ರತಿ ವಾರ ಧಾರಾವಾಹಿಯ ಹಾಳೆಗಳನ್ನಷ್ಟೇ ಕತ್ತರಿಸಿಟ್ಟು, ಕಥೆ ಮುಗಿದ ಮೇಲೆ ಬೈಂಡ್ ಮಾಡಿಸುವುದು. ಆ ಬೈಂಡು ಬೀದಿಯ ಮನೆಮನೆ ಸುತ್ತಿ, ಸಾರಿನ ಕಲೆ ಮಾಡಿಕೊಂಡು ವಾಪಸ್ ಬರುತ್ತಿತ್ತು. ಮಿಕ್ಕ ಪತ್ರಿಕೆ ಅಡುಗೆಮನೆಯ ಗೂಡಿಗೆ ಹಾಸಲು. ನಮ್ಮ ಅವ್ವನಂತೂ ಇದರಲ್ಲಿ ಎತ್ತಿದ ಕೈ. ಅಕ್ಕನಿಗೆ ಬೇಜಾರು ಕಳೆಯಲಿ ಅಂತ ಅವ್ವನ ಒಂದು ಬೈಂಡು ತೆಗೆದು ನೋಡುತ್ತೇನೆ, ಧಾರಾವಾಹಿಯ ಹಾಳೆಗಳ ಹಿಂಬದಿಯಲ್ಲಿ ಆ ಕಥೆಗಾರರ ಹೆಸರು! ಒಂದಲ್ಲ, ಮೂರ್ನಾಲ್ಕು ಕಥೆಗಳು. ಎಲ್ಲದರ ಮೊದಲ ಭಾಗ ಮಾತ್ರ. ಮುಂದಿನ ಹಾಳೆಯಲ್ಲಿ ಧಾರಾವಾಹಿ ಇರಲಿಲ್ಲವಲ್ಲ, ಅದು ಅವ್ವನಿಗೆ ಬೇಕಾಗಿರಲಿಲ್ಲ.

ಕೆರೆಯ ಕಥೆಯೂ ಇತ್ತು. ಅವತ್ತೇ ಹೋಗಿ ಅಕ್ಕನಿಗೆ ಓದಿದೆ. ಕೆರೆಯ ತಳದಲ್ಲಿ ಸತ್ತವರ ಊರು. ಅಲ್ಲಿ ಹಸಿವಿಲ್ಲ, ನೆನಪಿಲ್ಲ. ಅಕ್ಕನೊಬ್ಬಳು ತಮ್ಮನನ್ನು ಹುಡುಕಿಕೊಂಡು ಮೊಸರನ್ನದ ಬುತ್ತಿ ಹಿಡಿದು ಇಳಿಯುತ್ತಾಳೆ. ಮನೆಯ ಅನ್ನ ತಿಂದರೆ ಅವನಿಗೆ ಗುರುತು ಸಿಗುತ್ತದೆ, ಅವನನ್ನು ಕರೆದುಕೊಂಡು ಬರಬಹುದು. ಅವಳು ತುತ್ತನ್ನು ಅವನ ಬಾಯಿಯ ಹತ್ತಿರ ಹಿಡಿಯುತ್ತಾಳೆ. ಅಲ್ಲಿಗೆ ಹಾಳೆ ಮುಗಿಯಿತು.

"ಆಮೇಲೆ?"

"ಆಮೇಲಿಂದು ಅವ್ವ ಗೂಡಿಗೆ ಹಾಸ್ಬುಟ್ಟವ್ಳೆ."

ಅಕ್ಕ ನಗಲು ಹೋಗಿ ಕೆಮ್ಮಿದಳು. "ಸತ್ತ ಮೇಲೂ ಅವ್ವ ನಮ್ಮನ್ನ ಬುಡಲ್ವಲ್ಲೇ!" ಆಮೇಲೆ ಗೋಡೆಯ ಕಡೆ ತಿರುಗಿಕೊಂಡಳು. ನನಗೆ ಅವ್ವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಬದುಕಿದ್ದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ಬರೆದವರನ್ನೇ ಕೇಳಿದರಾಯಿತು ಅಂತ ಮಾರನೆಯ ದಿನ ಸಿದ್ಧಾರ್ಥನಗರಕ್ಕೆ ಹೋದೆ. ಅವರ ಸೊಸೆ ಬಾಗಿಲು ತೆಗೆದರು. "ಮಾವನವರಿಗೆ ಈಗೀಗ ಏನೂ ನೆನಪಿರಲ್ಲ ಕಣ್ರೀ, ಬೇಜಾರ್ ಮಾಡ್ಕೋಬೇಡಿ," ಅಂದರು. ಒಳಗೆ ಅವರು ಸ್ವೆಟರ್ ಹಾಕಿಕೊಂಡು ಕೂತಿದ್ದರು. ನಾನು ಎದುರಿಗೆ ಕೂತು ಓದಿದೆ. ಮೈಯೆಲ್ಲ ಕಿವಿಯಾಗಿ ಕೇಳಿದರು.

"ಬಹಳ ಚೆನ್ನಾಗಿದೆಯಮ್ಮ. ಯಾರು ಬರೆದದ್ದು?"

"ನೀವೇ ಸಾರ್."

ಮಕ್ಕಳ ತಮಾಷೆಗೆ ನಗುವ ಹಾಗೆ ನಕ್ಕರು. ಆಮೇಲೆ ಮುಂದಕ್ಕೆ ಬಾಗಿ ನನ್ನ ಕೈ ಹಿಡಿದುಕೊಂಡು ಕೇಳಿದರು, "ಆಮೇಲೆ ಏನಾಯ್ತು? ಹುಡುಗ ತಿಂದನೇ?"

ಅಯ್ಯೋ ಶಿವನೇ! ನಾನು ಯಾರನ್ನು ಕೇಳಲಿ? ಗೊತ್ತಿಲ್ಲ ಅಂದೆ. ಅವರ ಮುಖ ಬಾಡಿತು. ಗೇಟು ದಾಟಿ ರಸ್ತೆಗೆ ಬಂದಾಗ ನನಗೆ ಅಳು ತಡೆಯಲಾಗಲಿಲ್ಲ.

ಹೂಟಗಳ್ಳಿ ತಲುಪುವಷ್ಟರಲ್ಲಿ ಸುಳ್ಳು ಹೇಳುವುದೆಂದು ತೀರ್ಮಾನ ಮಾಡಿದ್ದೆ. ಸುಳ್ಳಾದರೂ ಏನು, ನನಗೆ ನೆನಪಿದ್ದದ್ದೇ ಅದು. "ಕೇಳ್ಕೊಂಡ್ ಬಂದೆ ಕಣಕ್ಕ. ಹುಡುಗ ತುತ್ತು ತಿಂತಾನೆ. 'ಅಕ್ಕಾ, ಉಪ್ಪು ಕಮ್ಮಿ' ಅಂತಾನೆ. ಇಬ್ರೂ ಕೈ ಹಿಡ್ಕೊಂಡು ಮೇಲೆ ಬತ್ತಾರೆ."

"ಅವರೇ ಹೇಳಿದ್ರಾ? ಉಪ್ಪು ಕಮ್ಮಿ ಅಂತ?"

"ಹೂಂ, ಅವರ ಬಾಯಿಂದಲೇ."

ಅಕ್ಕ ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ.

"ಅದು ಅವರು ಬರೆದಿದ್ದಲ್ಲ ಕಣೇ. ನಾನು ಸೇರ್ಸಿದ್ದು. ನೀನು ಅಣ್ಣ ಯಾವಾಗ ಬತ್ತಾನೆ ಅಂತ ದಿನಾ ಅಳ್ತಿದ್ದೆ, ಅದಕ್ಕೆ. ಅಚ್ಚಾಗಿದ್ದೇ ಬೇರೆ. ಹುಡುಗ ಬಾಯಿ ತೆಗೆಯಲ್ಲ. 'ಯಾರಮ್ಮ ನೀನು?' ಅಂತಾನೆ. ಅವಳು ಒಬ್ಳೇ ವಾಪಸ್ ಬತ್ತಾಳೆ."

ಇಷ್ಟು ವರ್ಷ ನಾನು ನಂಬಿಕೊಂಡು ಬಂದ ಕಥೆ ಅದು. "ಗೊತ್ತಿದ್ದೂ ಯಾಕಕ್ಕ ನನ್ನನ್ನ ಇಷ್ಟು ಅಲೆಸಿದೆ?" ಅಂದೆ.

"ಚಿಕ್ಕೋಳಿದ್ದೆ, ನಾನೇ ತಪ್ಪು ಓದ್ಕೊಂಡಿದ್ನೇನೋ ಅನ್ನಿಸ್ತು," ಅಂದಳು ಅಕ್ಕ. "ಇವತ್ತೋ ನಾಳೆಯೋ ಹೋಗೋಳು ನಾನು. ಅಲ್ಲಿ ನಿಮ್ಮಣ್ಣ ನನ್ನ ಗುರುತು ಹಿಡಿಬೇಕಲ್ವೇನೇ?"