ಹದಿನೆಂಟು ಮಾರು

ಕುಂದಾಣದ ಕಡೆ ಬೈಲಪ್ಪನನ್ನು ಕೇಳಿದರೆ ಯಾರಾದರೂ ತೋರಿಸುತ್ತಾರೆ. "ಓ, ಆ ಸುಣ್ಣದ ಬೈಲಪ್ಪನಾ? ಯೂನಿವರ್ಸಿಟಿ ಗ್ರೌಂಡಲ್ಲಿರ್ತಾನೆ ನೋಡಿ." ಐದಡಿ ನಾಲ್ಕಂಗುಲದ ಆಳು. ಹಿಂದೆ ಲಾರಿ ಓಡಿಸಿದವನು, ಈಗ ಆಟದ ಮೈದಾನಕ್ಕೆ ನೀರು ಬಿಟ್ಟು, ಹುಲ್ಲು ಕತ್ತರಿಸಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವವನು. ಯೂನಿವರ್ಸಿಟಿಗೆ ಜಮೀನು ಕೊಟ್ಟ ಮನೆಗೊಂದು ಕೆಲಸ ಎಂದಾಗ ಉಳಿದವರೆಲ್ಲ ಗೇಟಿನಲ್ಲಿ ಯೂನಿಫಾರಂ ಹಾಕಿ ನಿಲ್ಲುವ ಕೆಲಸಕ್ಕೆ ಮುಗಿಬಿದ್ದರು. ಇವನು ಮಾತ್ರ ಬಿಸಿಲಲ್ಲಿ ಬೇಯುವುದನ್ನೇ ಕೇಳಿ ಪಡೆದ. ತಲೆ ಕೆಟ್ಟಿದೆ ಎಂದರು ಜನ. ಜನಕ್ಕೇನು, ಅಂದುಬಿಡುತ್ತಾರೆ.

ಅವನ ಮಗಳು ಮೇಘನ ಆ ಮಣ್ಣಿನಲ್ಲಿದ್ದಳು.

ಮೂರು ವರ್ಷದ ಕೂಸು. ಜ್ವರ ಬಂದು ಎರಡೇ ದಿನಕ್ಕೆ ಹೋಗಿಬಿಟ್ಟಿತು. ಬೈಲಪ್ಪ ಆಗ ಲಾರಿಯೊಂದಿಗೆ ಹುಬ್ಬಳ್ಳಿಯಾಚೆ ಇದ್ದ. ಅವರ ಮನೆಯ ಪದ್ಧತಿಯಲ್ಲಿ ಎಳೆಗೂಸಿನ ಮಣ್ಣು ಹೊತ್ತು ಮುಳುಗುವುದರೊಳಗೆ ಮುಗಿಯಬೇಕು, ಹೆತ್ತವಳು ಗುಂಡಿಯ ಹತ್ತಿರ ಹೋಗಬಾರದು, ಮೇಲೆ ಗುರುತಿನ ಕಲ್ಲು ನೆಡಬಾರದು. ಬೈಲಪ್ಪನ ಅಪ್ಪ ಗೋಪಾಲಪ್ಪನೇ ಮೊಮ್ಮಗಳನ್ನು ಎತ್ತಿಕೊಂಡು ಹೋಗಿ ಹೊಲದಲ್ಲಿ ಮಣ್ಣು ಮಾಡಿ ಬಂದ. ಬೈಲಪ್ಪನಿಗೆ ಒಂದು ಹಿಡಿ ಮಣ್ಣು ಹಾಕುವ ಯೋಗವೂ ಸಿಗಲಿಲ್ಲ. ಆಮೇಲೆ ಆ ಹೊಲದಲ್ಲಿ ರಾಗಿ ಬಿತ್ತಲು ಯಾರಿಗೂ ಮನಸ್ಸಾಗದೆ ನೀಲಗಿರಿ ಹಾಕಿದರು. ಹದಿನಾಲ್ಕು ವರ್ಷ ನೀಲಗಿರಿಯೇ ಬೆಳೆಯಿತು. ಸಾಯುವ ಮುಂಚೆ ಮುದುಕ ಮಗನನ್ನು ಹತ್ತಿರ ಕರೆದ. "ಬಾವಿ ಕಟ್ಟೆಯಿಂದ ನಂದಿಬೆಟ್ಟದ ಕಡೆಗೆ ನೆಟ್ಟಗೆ ಹದಿನೆಂಟು ಮಾರು ಕಣಪ್ಪಾ. ಮರೀಬ್ಯಾಡ."

ಮಾರು ಎಂದರೆ ಎರಡೂ ಕೈ ಅಗಲಿಸಿ ಚಾಚಿದಷ್ಟು ಉದ್ದ. ಹಗ್ಗವಾಗಲಿ, ಬಾವಿಯ ಆಳವಾಗಲಿ, ಆ ಕಾಲದವರು ಅಳೆದಿದ್ದೆಲ್ಲ ಅದರಲ್ಲೇ.

ಜಮೀನು ಕೈಬಿಟ್ಟಿತು. ನೀಲಗಿರಿ ಕಿತ್ತರು, ಜೆಸಿಬಿ ಬಂತು, ಎರಡಡಿ ಮಣ್ಣು ತುಂಬಿ ಮಟ್ಟ ಮಾಡಿದರು. ಪುಣ್ಯಕ್ಕೆ ಬಾವಿ ಕಟ್ಟೆ ಉಳಿಯಿತು. ಹೆಂಡತಿ ಮುನಿರತ್ನಮ್ಮ ಗಂಡನ ಕೈ ಹಿಡಿದುಕೊಂಡು ಅತ್ತಳು. "ನನ್ ಕೂಸಿನ್ ಮ್ಯಾಲೆ ಯಾರ್ ಕಾಲೂ ಬೀಳ್ಬಾರ್ದು. ಅಷ್ಟು ನೋಡ್ಕೊ. ಇನ್ನೇನೂ ಕೇಳಲ್ಲ ನಿನ್ನ."

ಬೈಲಪ್ಪ ಹಗ್ಗ ಹಿಡಿದು, ಕೈ ಚಾಚಿ ಚಾಚಿ ಹದಿನೆಂಟು ಮಾರು ಅಳೆದ. ಫುಟ್‌ಬಾಲ್ ಮೈದಾನಕ್ಕೆ ಹೊಡೆದಿದ್ದ ಗೂಟಗಳ ಲೆಕ್ಕದಲ್ಲಿ ಅದು ಗೋಲಿನ ಮುಂದೆ, ಕೀಪರ್ ನಿಲ್ಲುವ ಜಾಗ! ದೈಹಿಕ ಶಿಕ್ಷಣದ ಮೇಷ್ಟ್ರು ಯೋಗಾನಂದರ ಹತ್ತಿರ ಓಡಿದ.

"ಸಾರ್, ಮೈದಾನನ ಹನ್ನೆರಡಡಿ ಬೆಟ್ಟದ ಕಡೆಗೆ ಸರಿಸಿ ಸಾರ್. ನಿಮ್ ಕಾಲಿಗ್ ಬೀಳ್ತೀನಿ."

ಕಾರಣ ಕೇಳಿದ ಮೇಷ್ಟ್ರು "ಆ ಕಡೆ ಜಾಗ ಇದೆ ಬಿಡಪ್ಪಾ, ಸರಿಸೋಣ" ಎಂದರು. ಕಂಬಗಳು ಸರಿದವು. ಬೈಲಪ್ಪ ಗುರುತು ಮಾಡಿದ ಜಾಗ ಗೋಲಿನ ಹಿಂದೆ, ಗೆರೆಯಿಂದ ಆರಡಿ ಆಚೆ ಉಳಿಯಿತು. ಅಲ್ಲೊಂದು ದಾಸವಾಳದ ಗಿಡ ನೆಟ್ಟ. ಮಣ್ಣು ಮಾಡಿದ ದಿನ ಯಾರೂ ಹತ್ತಿರ ಸೇರಿಸದಿದ್ದ ಮುನಿರತ್ನಮ್ಮ ಈಗ ಶುಕ್ರವಾರ ಶುಕ್ರವಾರ ಬಂದು, ಒಂದು ಲೋಟ ಹಾಲು ಬಿಟ್ಟು, ಅಷ್ಟು ಹೊತ್ತು ಕೂತು ಹೋಗುತ್ತಿದ್ದಳು. ಅವಳ ಮುಖದಲ್ಲಿ ಗೆಲುವು ಕಂಡು ಬೈಲಪ್ಪನ ಜೀವ ತಣ್ಣಗಾಗಿತ್ತು.

ಆ ಮೈದಾನದ ಮೊದಲ ಪಂದ್ಯ ಬಿದ್ದಿದ್ದೂ ಒಂದು ಶುಕ್ರವಾರ. ನೆಲಮಂಗಲ ಕಡೆಯ ಹುಡುಗರ ತಂಡ ಬಂದಿತ್ತು. ಬೈಲಪ್ಪನ ತಾಯಿ ಮುತ್ತಮ್ಮನೂ ಮಗ ಎಳೆದ ಗೆರೆ ನೋಡಬೇಕೆಂದು ಕೋಲೂರಿಕೊಂಡು ಬಂದಳು. ಅರ್ಧ ಆಟ ಮುಗಿದಾಗ ಜನ ಒಳನುಗ್ಗದಂತೆ ಕಟ್ಟಲು ಬೈಲಪ್ಪ ಹಗ್ಗ ಅಳೆಯತೊಡಗಿದ. ಮುದುಕಿ ಬೊಚ್ಚುಬಾಯಲ್ಲಿ ನಕ್ಕಳು.

"ಲೇ ಬೈಲಾ, ನಿನ್ ಮೋಟುಗೈಯಲ್ಲಿ ಅಳೆದ್ರೆ ಹಗ್ಗ ಸಾಲ್ತದೇನ್ಲಾ? ನಿಮ್ಮಪ್ಪ ಆರಡಿ ಆಳು. ಅವ್ರ ಹತ್ತು ಮಾರಂದ್ರೆ ನಿಂದು ಹನ್ನೊಂದು ದಾಟ್ತದೆ!"

ಬೈಲಪ್ಪನ ಕೈಯಿಂದ ಹಗ್ಗ ಜಾರಿತು. ಆಳಿನ ಎತ್ತರದಷ್ಟೇ ಅವನ ಮಾರು; ಅಪ್ಪನ ಮಾರಿಗೂ ಬೈಲಪ್ಪನ ಮಾರಿಗೂ ಎಂಟಂಗುಲ ವ್ಯತ್ಯಾಸ. ಹದಿನೆಂಟು ಮಾರಿಗೆ ಹನ್ನೆರಡು ಅಡಿ. ಕೂಸು ಇದ್ದದ್ದು ದಾಸವಾಳದ ಬುಡದಲ್ಲಲ್ಲ, ಅಷ್ಟು ಬೆಟ್ಟದ ಕಡೆಗೆ, ಈಗ ಕೀಪರ್ ನಿಲ್ಲುವಲ್ಲಿ. ಅಯ್ಯೋ ಶಿವನೇ! ಇದ್ದಲ್ಲೇ ಬಿಟ್ಟಿದ್ದರೆ ಕೂಸು ಹುಲ್ಲಿನಡಿ ಹೇಗೋ ಇರುತ್ತಿತ್ತು. ತಾನೇ ಕೈಯಾರೆ ಗೋಲನ್ನು ತಂದು ಮಗಳ ಮುಂದೆ ನಿಲ್ಲಿಸಿದ್ದ.

ಸೀಟಿ ಕೇಳಿಸಿತು. ಕೀಪರ್ ಅರ್ಮಾನ್ ಬಂದು ಗೋಲಿನ ಮುಂದೆ ನಿಂತು, ಕಾಲು ಜಾರದಿರಲೆಂದು ಬೂಟಿನ ಹಿಮ್ಮಡಿಯಿಂದ ನೆಲ ಕೆರೆದ. ಅವನದೇನು ತಪ್ಪು? ಎಲ್ಲ ಕೀಪರ್‌ಗಳೂ ಕೆರೆಯುತ್ತಾರೆ. ಬೈಲಪ್ಪ ಕಂಬ ಹಿಡಿದು ನಿಂತೇ ಇದ್ದ. ಕೂಗಿದರೆ ಆಟ ನಿಲ್ಲಬಹುದು, ಆದರೆ ಮುನಿರತ್ನಮ್ಮನಿಗೆ ಗೊತ್ತಾಗಿಬಿಡುತ್ತದೆ. ತಮ್ಮ ಹುಡುಗರು ಗೆದ್ದಾಗ ನೂರು ಜನ ಗೋಲಿನ ಮುಂದೆಯೇ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು.

ಸಂಜೆ ಜನ ಕರಗಿದ ಮೇಲೆ ಮುನಿರತ್ನಮ್ಮ ಹಾಲಿನ ಲೋಟ ಹಿಡಿದು ಬಂದಳು. ದಾಸವಾಳದ ಬುಡ ಚೊಕ್ಕಟವಾಗಿತ್ತು.

"ಅಷ್ಟೊಂದ್ ಜನ ಬಂದಿದ್ರಂತೆ. ಪಾಪು ಮ್ಯಾಲೆ ಯಾರೂ ಕಾಲಿಡ್ಲಿಲ್ಲ ತಾನೆ?"

"ಯಾರೂ ಇಲ್ಲ ಕಣೆ."

ಅವಳು ನೆಮ್ಮದಿಯಿಂದ ಹಾಲು ಬಿಟ್ಟು ಅಲ್ಲೇ ಕೂತಳು. ಬೈಲಪ್ಪ ಒಂದು ಮಂಕರಿ ಕೆಂಪು ಮಣ್ಣು ತಂದು ಗೋಲಿನ ಮುಂದೆ ಮಂಡಿಯೂರಿದ.

"ಕತ್ತಲಾಯ್ತು, ಬಾ. ಏನ್ ಮಾಡ್ತಿದ್ದೀಯ ಅಲ್ಲಿ?"

"ಗುಂಡಿ ಬಿದ್ದದೆ" ಎಂದ ಬೈಲಪ್ಪ. "ಒಂದು ಹಿಡಿ ಮಣ್ಣು ಹಾಕಿ ಬರ್ತೀನಿ."