ಬೈಗುಳ ನಿಂತ ಸೀಸನ್

ಆ ಸೀಸನ್ನಿನ ಎರಡನೆಯ ಪಂದ್ಯದಲ್ಲಿ ಚೆಂಡು ನನ್ನ ಎರಡು ಕಾಲುಗಳ ನಡುವೆ ನುಸುಳಿ ಗೋಲಿನೊಳಗೆ ಹೋಯಿತು. ನಾನು ಅಭ್ಯಾಸಬಲದಿಂದ ತಲೆ ತಗ್ಗಿಸಿ ಬೈಗುಳಕ್ಕೆ ತಯಾರಾಗಿ ನಿಂತೆ. ನಮ್ಮ ಕ್ಯಾಪ್ಟನ್ ಆಡುವುದು ಸ್ಟಾಪರ್ ಜಾಗದಲ್ಲಿ, ಕೀಪರ್ ಆದ ನನ್ನ ಮೂಗಿನ ನೇರಕ್ಕೆ. ಕಾಲೇಜಿನಲ್ಲಿ ನನ್ನ ಕ್ಲಾಸ್‌ಮೇಟ್, ಈಗ ಕತಾರಿನ ದೋಹಾದ ಐನ್ ಖಾಲಿದ್‌ನಲ್ಲಿ ದಿನಸಿ ಅಂಗಡಿ ಇಟ್ಟಿರುವ ಬ್ಯಾರಿ. ಅವನ ಬಾಯಿಂದ ನಾನು ಬೈಸಿಕೊಂಡಷ್ಟು ನನ್ನ ಅಪ್ಪನಿಂದಲೂ ಬೈಸಿಕೊಂಡಿಲ್ಲ. ಅವತ್ತು ಅವನು ಮೆಲ್ಲಗೆ ಹತ್ತಿರ ಬಂದು, ಬೆನ್ನು ತಟ್ಟಿ, "ಪರವಾಗಿಲ್ಲ, ಆಗ್ತದೆ" ಎಂದ. ನನ್ನ ಎದೆ ಧಸಕ್ಕೆಂದಿತು.

ಯಾಕೆ ಎಂದು ತಿಳಿಯಬೇಕಾದರೆ ನಮ್ಮ ಕಾಲೇಜನ್ನು ತಿಳಿಯಬೇಕು. ಕರಾವಳಿಯಲ್ಲಿ, ನದಿಯ ಈಚೆ ದಂಡೆಯಲ್ಲಿ ಕೆಂಪು ಮುರಕಲ್ಲಿನ ಕಟ್ಟಡ. ಅದರ ಹಿಂದಿನ ಮೈದಾನದಲ್ಲಿ ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತಿತ್ತು. ಓದಿನಲ್ಲಿ ಹೆಸರಿಲ್ಲದ ಕಾಲೇಜಿಗೆ ಫುಟ್‌ಬಾಲಿನಲ್ಲಿ ಮಾತ್ರ ದೊಡ್ಡ ಹೆಸರು. ನಮಗಿಂತ ಹಿಂದಿನವರು ಬರಿಗಾಲಲ್ಲಿ ಆಡಿ ನದಿಯಾಚೆಯ ಕಾಲೇಜನ್ನು ಸೋಲಿಸಿದ ಕಥೆಯನ್ನು ದೋಹಾದಲ್ಲಿ ಇಂದಿಗೂ ಹೇಳುತ್ತಾರೆ. ಆ ಕಥೆಯ ಬಗ್ಗೆ ನನಗೆ ಅನುಮಾನವಿದೆ. ನಾನು ಮೊದಲು ಕೇಳಿದಾಗ ಆ ಗೋಲು ಪೆನಾಲ್ಟಿ ಬಾಕ್ಸಿನೊಳಗಿಂದ ಹೊಡೆದದ್ದು. ಅರಬ್ಬೀ ಸಮುದ್ರ ದಾಟಿ ಬರುವಷ್ಟರಲ್ಲಿ ಅದು ಅರ್ಧ ಮೈದಾನದಿಂದ ಹೊಡೆದದ್ದಾಯಿತು. ಇನ್ನು ಕೆಲವು ವರ್ಷ ಬಿಟ್ಟರೆ ಚೆಂಡು ಮನೆಯಂಗಳದಿಂದಲೇ ಹೊರಡಬಹುದು.

ಆದರೆ ಅನುಮಾನವಿಲ್ಲದೆ ನಂಬುವ ಒಂದು ಸಂಗತಿಯೂ ಆ ಚರಿತ್ರೆಯಲ್ಲಿದೆ. ನಮ್ಮ ವ್ಯಾಯಾಮ ಶಿಕ್ಷಕರು ಯಾರನ್ನೂ ಹೊಗಳುತ್ತಿರಲಿಲ್ಲ. ದಿನವಿಡೀ ಬೈಯುತ್ತಿದ್ದರು. ಅಪರೂಪಕ್ಕೆ ಯಾರಿಗಾದರೂ "ಚೆನ್ನಾಗಿ ಆಡಿದೆ ಮಗಾ" ಎಂದರೆ, ಮುಂದಿನ ವಾರ ನೋಟಿಸ್ ಬೋರ್ಡಿನಲ್ಲಿ ಅವನ ಹೆಸರು ಇರುತ್ತಿರಲಿಲ್ಲ. ತಂಡದಿಂದ ತೆಗೆಯುವವನಿಗೆ ಅವರು ಕೊಡುತ್ತಿದ್ದ ಪರಿಹಾರ ಅದೊಂದೇ. ಬೈದು ಹೇಳುವವರು ಬದುಕಲು ಹೇಳುತ್ತಾರೆ, ನಕ್ಕು ಹೇಳುವವರು ಕೆಡಲು ಹೇಳುತ್ತಾರೆ ಎಂಬ ಮಾತಿಗೆ ನಮ್ಮ ಮೈದಾನಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ಆ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಕತಾರಿನಲ್ಲಿ ಒಂದು ತಂಡ ಕಟ್ಟಿಕೊಂಡಿದ್ದೇವೆ. ಕರಾವಳಿಯ ಬೇರೆ ಕಾಲೇಜುಗಳದೂ ತಂಡಗಳಿವೆ. ಸೆಕೆ ಇಳಿದ ಮೇಲೆ ಶುರುವಾಗುವ ಪಂದ್ಯಗಳು ಮತ್ತೆ ಸೆಕೆ ಏರುವವರೆಗೆ, ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ನಡೆಯುತ್ತವೆ, ಪ್ರತಿ ಪಂದ್ಯವೂ ಜುಮ್ಮಾ ನಮಾಜಿಗೆ ಮುಂಚೆ ಮುಗಿಯಬೇಕು. ನಾನು ದುಖಾನ್‌ನಲ್ಲಿ ಎಣ್ಣೆ ಕಂಪನಿಯ ಮನೆಯಲ್ಲಿರುವವನು. ಶುಕ್ರವಾರ ಬೆಳಕು ಹರಿಯುವ ಮೊದಲೇ ಎದ್ದು, ಮರಳುಗಾಡಿನ ನಡುವೆ ಉದ್ದಕ್ಕೆ ಕಾರು ಓಡಿಸಿ ದೋಹಾ ಸೇರುತ್ತೇನೆ. ವಾರವಿಡೀ ಆಫೀಸಿನಲ್ಲಿ ಎಲ್ಲರಿಗೂ ನಾನು "ಸರ್". ಶುಕ್ರವಾರ ಮಾತ್ರ ಒಬ್ಬ ನನ್ನನ್ನು "ಕತ್ತೆ" ಎನ್ನುತ್ತಿದ್ದ. ಆ ಒಂದು ಶಬ್ದಕ್ಕಾಗಿ ನಾನು ಅಷ್ಟು ದೂರ ಹೋಗುತ್ತಿದ್ದೆ ಎಂದರೆ ಸುಳ್ಳಲ್ಲ.

ಈಗ ಅದು ನಿಂತಿತ್ತು. ಮೂರನೆಯ ಪಂದ್ಯ, ನಾಲ್ಕನೆಯ ಪಂದ್ಯ, ಎಲ್ಲದರಲ್ಲೂ "ಪರವಾಗಿಲ್ಲ". ಪಂದ್ಯದ ನಂತರ ಕರಕ್ ಎಂಬ ಇಲ್ಲಿನ ಗಟ್ಟಿ ಹಾಲಿನ ಚಹಾ ಕುಡಿಯುವಾಗ ಕುರ್ಚಿ ನನಗೇ ಮೊದಲು. ಪರೋಟದಲ್ಲಿ ದೊಡ್ಡದು ನನ್ನ ತಟ್ಟೆಗೆ. ಕ್ಯಾಪ್ಟನ್ ಒಂದು ದಿನ ದಾರವೊಂದನ್ನು ನನ್ನ ತಲೆಗೆ ಸುತ್ತಿ ಅಳತೆ ತೆಗೆದ.

"ಎಂತ ಇದು?" ಎಂದೆ.

"ಟೀಮಿಗೆ ಕ್ಯಾಪ್ ಮಾಡಿಸ್ಲಿಕ್ಕೆ ಉಂಟು ಮಾರಾಯ."

ಬೇರೆ ಯಾರ ತಲೆಯ ಅಳತೆಯನ್ನೂ ಅವನು ತೆಗೆಯಲಿಲ್ಲ.

ಅದೇ ಹೊತ್ತಿಗೆ ನಮ್ಮಲ್ಲಿಗೆ ಒಬ್ಬ ಹೊಸ ಕೀಪರ್ ಬಂದ. ಮೆಸಯೀದ್‌ನ ಪ್ಲಾಂಟಿನಲ್ಲಿ ಎಂಜಿನಿಯರ್, ನಮ್ಮದೇ ಕಾಲೇಜಿನಿಂದ ನಮಗಿಂತ ಬಹಳ ವರ್ಷ ತಡವಾಗಿ ಹೊರಬಂದವನು. ನೋಡಿದಲ್ಲೆಲ್ಲ "ಅಣ್ಣ, ನಿಮ್ಮಿಂದ ತುಂಬ ಕಲೀಲಿಕ್ಕೆ ಉಂಟು" ಎನ್ನುತ್ತಿದ್ದ. ಕಲಿಯುವವನು ಗೋಲಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬೆಕ್ಕಿನಂತೆ ಹಾರುತ್ತಿದ್ದ. ಅವನನ್ನು ಕ್ಯಾಪ್ಟನ್ ಬಾಯಿಗೆ ಬಂದಂತೆ ಬೈಯುತ್ತಿದ್ದ. ಹೊಟ್ಟೆಕಿಚ್ಚಿಗೆ ನಾನು ನೀರಿನ ಬಾಟಲಿ ಖಾಲಿ ಮಾಡುತ್ತಾ ಕೂತಿರುತ್ತಿದ್ದೆ.

ಅನುಮಾನ ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ ಮಾಡಿದೆ. ಪ್ರಾಕ್ಟೀಸಿನಲ್ಲಿ, ಮಗುವೂ ಹಿಡಿಯಬಹುದಾದ ಒಂದು ಚೆಂಡನ್ನು ಬೇಕೆಂದೇ ಬಿಟ್ಟೆ. ಬಿಟ್ಟದ್ದಲ್ಲ, ಬಾಗಿಲು ತೆರೆದು ಒಳಗೆ ಕಳಿಸಿದೆ. ಕ್ಯಾಪ್ಟನ್ ಒಂದು ಗಳಿಗೆ ನನ್ನನ್ನೇ ನೋಡಿದ. ಅವನ ದವಡೆ ಅಲುಗಿತು. ಆಮೇಲೆ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿ, "ಒಳ್ಳೆ ಪ್ರಯತ್ನ" ಎಂದ. ಖಲಾಸ್, ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಮನೆಯಲ್ಲೂ ಏನೋ ನಡೆಯುತ್ತಿತ್ತು. ನಡುಮನೆಯ ಗೋಡೆಯಲ್ಲಿದ್ದ ಕಾಲೇಜು ತಂಡದ ಫೋಟೋ ಒಂದು ಸಂಜೆ ಕಾಣೆ.

"ಧೂಳು ಒರೆಸ್ಲಿಕ್ಕೆ ತೆಗೆದದ್ದು" ಎಂದಳು ಹೆಂಡತಿ.

"ಒರೆಸಿದ ಮೇಲೆ ಎಲ್ಲಿಟ್ಟೆ?"

"ಉಂಟು ಮಾರ್ರೆ ಇಲ್ಲೇ ಎಲ್ಲಿಯಾದ್ರೂ. ಪೊಲೀಸರ ಹಾಗೆ ಕೇಳ್ತೀರಲ್ಲ."

ಫೋನು ಬಂದಾಗ ಅವಳು ಬಾಲ್ಕನಿಗೆ ಹೋಗಿ ಮಾತಾಡತೊಡಗಿದಳು. ಮದುವೆಯಾದಾಗಿನಿಂದ ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಒಮ್ಮೆ ಬಾಗಿಲ ಸಂದಿಯಿಂದ "ಅವರಿಗೆ ಗೊತ್ತಾಗಿಲ್ಲ" ಎಂಬ ಮಾತು ಕಿವಿಗೆ ಬಿತ್ತು. ಬೇರೆ ಗಂಡನಾದರೆ ಬೇರೆ ಏನೋ ಯೋಚಿಸುತ್ತಿದ್ದ. ನಾನು ಯೋಚಿಸಿದ್ದು ಶಾಲಿನ ಬಗ್ಗೆ.

ನಮ್ಮವರ ಪದ್ಧತಿ ನನಗೆ ಗೊತ್ತಿಲ್ಲವೇ? ಹೋಗು ಎಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಅದಕ್ಕೇ ಸನ್ಮಾನ ಮಾಡುತ್ತೇವೆ. ಹಿಂದಿನ ಸೀಸನ್ನಿನಲ್ಲಿ ನಮ್ಮ ಲೆಫ್ಟ್ ಬ್ಯಾಕಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ಎಲ್ಲ ಕೊಟ್ಟೆವು. ಪಾಪ, ಅವನು ಮುಂದಿನ ಶುಕ್ರವಾರ ಬೂಟು ಹಿಡಿದುಕೊಂಡು ಬಂದ. ಅವನ ಜೆರ್ಸಿಯೊಳಗೆ ಬೇರೆಯವನಿದ್ದ. ಲೆಫ್ಟ್ ಬ್ಯಾಕ್ ಸ್ವಲ್ಪ ಹೊತ್ತು ನಿಂತು, ಎಲ್ಲರನ್ನೂ ಮಾತಾಡಿಸಿ, ಹೊರಟುಹೋದ. ಆಮೇಲೆ ಬರಲಿಲ್ಲ.

ಫೈನಲ್‌ಗೆ ನಾವು ಬಂದೆವು, ನದಿಯಾಚೆಯ ಕಾಲೇಜಿನ ತಂಡವೂ ಬಂತು. ಆ ದಿನ ಹೆಂಡತಿ ನನಗಿಂತ ಮೊದಲು ಎದ್ದು ರೇಷ್ಮೆ ಸೀರೆ ಉಟ್ಟು ನಿಂತಿದ್ದಳು. ಫುಟ್‌ಬಾಲ್ ನೋಡಲು ರೇಷ್ಮೆ ಸೀರೆ ಯಾಕೆ ಎಂದು ನಾನು ಕೇಳಲಿಲ್ಲ.

ಮೈದಾನದ ಪಕ್ಕದಲ್ಲಿ ಬ್ಯಾನರ್ ಕಟ್ಟಿದ್ದರು. ಅದರಲ್ಲಿ ನಮ್ಮ ಗೋಡೆಯ ಫೋಟೋದಿಂದ ಕತ್ತರಿಸಿದ ನನ್ನ ಮುಖ, ಮೀಸೆ ಆಗಷ್ಟೇ ಮೂಡಿದ ಕಾಲದ್ದು. ಮೈಕಿನಲ್ಲಿ ಯಾರೋ ನನ್ನನ್ನು ಕಾಲೇಜಿನ ಭದ್ರಕೋಟೆ ಎಂದರು. ಕ್ಯಾಪ್ಟನ್ ಶಾಲು ಬಿಡಿಸಿ ನನ್ನ ಹೆಗಲಿಗೆ ಹಾಕಿ, ಪೇಟ ಇಟ್ಟ. ಪೇಟ ತಲೆಗೆ ಸರಿಯಾಗಿ ಕೂತಿತು.

"ಇವತ್ತು ಗೋಲಿನಲ್ಲಿ ನಿಲ್ಲುವುದು ಯಾರು?" ಎಂದು ಅವನ ಕಿವಿಯಲ್ಲಿ ಕೇಳಿದೆ.

ಅವನು ನನ್ನ ಮುಖ ನೋಡಲಿಲ್ಲ. "ಈಗ ಸ್ವಲ್ಪ ನಗು. ಫೋಟೋ ತೆಗೀತಾ ಇದ್ದಾರೆ" ಎಂದ.

ನಕ್ಕೆ. ಆ ಫೋಟೋ ಈಗಲೂ ಇದೆ, ನಾನು ನೋಡುವುದಿಲ್ಲ.

ಮೆಸಯೀದ್‌ನ ಹುಡುಗ ಗ್ಲೌಸ್ ಹಾಕಿಕೊಂಡು ಗೋಲಿಗೆ ಹೋದ. ನಾನು ಜೆರ್ಸಿಯ ಮೇಲೆ ಶಾಲು ಹೊದ್ದು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಅವಮಾನ ಎನ್ನಲು ಬರುವುದಿಲ್ಲ, ಎಲ್ಲರೂ ಕೈಮುಗಿದು ಮಾತಾಡಿಸುತ್ತಿದ್ದರು. ಹುಡುಗ ಚೆನ್ನಾಗಿಯೇ ಆಡಿದ, ಅದನ್ನು ಒಪ್ಪುವುದು ಇನ್ನೂ ಕಷ್ಟವಾಯಿತು.

ಒಂದು ಗೋಲಿನಿಂದ ನಾವು ಮುಂದಿದ್ದಾಗ, ದ್ವಿತೀಯಾರ್ಧದಲ್ಲಿ, ಆ ಹುಡುಗ ಎದುರಾಳಿಯ ಮೊಣಕಾಲಿಗೆ ಬಡಿದು ಬಿದ್ದ. ಮಣಿಕಟ್ಟು ಕೂಡಲೇ ಊದಿತು. ಕ್ಯಾಪ್ಟನ್ ಬದಿಗೆ ಬಂದು ಕುರ್ಚಿಗಳ ಸಾಲನ್ನು ನೋಡಿದ. ಬೇರೆ ಕೀಪರ್ ಇರಲಿಲ್ಲ. ನಾನು ಶಾಲು ಕುರ್ಚಿಗೆ ಹಾಕಿ, ಪೇಟವನ್ನು ಹೆಂಡತಿಯ ಕೈಗೆ, ಬುಟ್ಟಿಯನ್ನು ಪಕ್ಕದವರಿಗೆ ಕೊಟ್ಟು ಒಳಗೆ ಓಡಿದೆ. ಚಪ್ಪಾಳೆಯೋ ಚಪ್ಪಾಳೆ.

ಬಲಗಡೆಯಿಂದ ಒಂದು ಕ್ರಾಸ್ ಬಂತು. ನಾನು ಹೊರಗೆ ಹಾರಿದೆ. ಚೆಂಡು ನನ್ನ ಬೆರಳುಗಳ ಮೇಲಿಂದ ಹೋಯಿತು, ಹಿಂದಿದ್ದ ಎದುರಾಳಿ ತಲೆ ಕೊಟ್ಟ. ಸಮಬಲ.

ಕ್ಯಾಪ್ಟನ್ ನನ್ನ ಕಡೆ ತಿರುಗಿದ. "ಪರವಾಗಿಲ್ಲ" ಎನ್ನುತ್ತಾನೆ ಎಂದುಕೊಂಡೆ.

"ಕತ್ತೆ," ಎಂದ. "ಶಾಲು ಹೊದಿಸಿದ್ದು ನಿನ್ನ ಹೆಗಲಿಗೆ, ಕಣ್ಣಿಗಲ್ಲ. ಬಾಲು ಅಲ್ಲಿ ಹೋಗುವಾಗ ನೀನು ಇಲ್ಲಿ ಎಂತ ನೊಣ ಹಿಡೀತಿದ್ದೀಯಾ?" ಇನ್ನೂ ಎಷ್ಟೋ ಹೇಳಿದ, ಬರೆಯುವಂಥದ್ದಲ್ಲ. ಸೀಸನ್ ಪೂರ್ತಿ ಕಟ್ಟಿಟ್ಟದ್ದೆಲ್ಲ ಒಟ್ಟಿಗೆ ಬಂತು. ನನಗೆ ಮೈಯೆಲ್ಲ ಹಗುರವಾಯಿತು.

ಕೊನೆಗೆ ಇನ್ನೊಂದು ಗೋಲು ತಿಂದು ಸೋತೆವು. ಮರಳುವಾಗ ಹೆಂಡತಿ ಮಡಿಲಲ್ಲಿ ಪೇಟ ಇಟ್ಟುಕೊಂಡು ನನ್ನನ್ನು ಓರೆಗಣ್ಣಿನಿಂದ ನೋಡಿದಳು. "ಸೋತು ಬಂದವರು ಎಂತಕ್ಕೆ ನಗುದು?" ಎಂದಳು. ಕ್ಯಾಪ್ಟನ್ ಮತ್ತೆ ಬೈದ ಎಂದು ಹೇಳಿದೆ. ಅವಳು ಪೇಟದ ಜರಿ ಸರಿಮಾಡುತ್ತಾ, "ನಿಮಗೆ ಬೇಜಾರಾಗಿದೆ ಅಂತ ಅವರಿಗೆ ಗೊತ್ತಾಗಿರಬೇಕು. ಸಮಾಧಾನಕ್ಕೆ ಬೈದಿರಬಹುದು" ಎಂದಳು.

ನಗು ಅಲ್ಲಿಗೇ ನಿಂತಿತು. ನನ್ನೊಡನೆ ಇದ್ದು ಅವಳೂ ಅನುಮಾನ ಕಲಿತಿದ್ದಳು. ವಾರವಿಡೀ ಅದೇ ಕೊರೆಯಿತು. ಅಷ್ಟು ಜನರ ಎದುರು, ಅಷ್ಟು ಗಟ್ಟಿಯಾಗಿ, ಅಷ್ಟು ಚಂದವಾಗಿ ಬೈದದ್ದು ಸನ್ಮಾನದ ಕೊನೆಯ ಭಾಗವಾಗಿದ್ದರೆ?

ಸೀಸನ್ ಮುಗಿದಿದ್ದರೂ ಶುಕ್ರವಾರ ಎಚ್ಚರವಾಯಿತು, ಹೋದೆ. ಮೈದಾನದಲ್ಲಿ ಕ್ಯಾಪ್ಟನ್ ಒಬ್ಬನೇ ಇದ್ದ. ಅಂಗಡಿ ತೆರೆಯುವ ಮೊದಲು ಕಾಲು ಸಡಿಲ ಮಾಡಲು ಬಂದದ್ದಂತೆ. ನನ್ನನ್ನು ಕಂಡು ನಮಸ್ಕಾರವೂ ಇಲ್ಲ, ಸಲಾಮೂ ಇಲ್ಲ. ಚೆಂಡನ್ನು ಬಲಗಡೆಯ ಮೂಲೆಗೆ ಒಯ್ದು, ನಾನು ಗ್ಲೌಸ್ ಹಾಕುವವರೆಗೆ ಕಾದು, ಅದೇ ಕ್ರಾಸನ್ನು ಒದ್ದ.

ಹಾರಿದೆ. ಮತ್ತೆ ಬೆರಳುಗಳ ಮೇಲಿಂದ ಹೋಯಿತು.

ಅವನು ಬೈಯತೊಡಗಿದ. ನಾನು ಮೊದಲು ಬೇಲಿಯ ಕಡೆ ನೋಡಿದೆ, ಆಮೇಲೆ ಕಾರು ನಿಲ್ಲಿಸುವ ಕಡೆ, ಆಮೇಲೆ ಕುರ್ಚಿಗಳಿದ್ದ ಕಡೆ. ಕೇಳಿಸಿಕೊಳ್ಳಲು ನನ್ನನ್ನು ಬಿಟ್ಟು ಅಲ್ಲಿ ಒಬ್ಬನೂ ಇರಲಿಲ್ಲ.